ಗಂಗೀಬಾಯಿಯ ಪರಾತ

ಗಂಗೀಬಾಯಿ ಬೈಕ್ ಸ್ಟ್ಯಾಂಡಿನ ಪೈಲಟ್‌ಗಳೆಲ್ಲರ ಎದುರು ತನ್ನ ಬಗ್ಗೆ ಆಡಿದ ಮಾತನ್ನು ಕೇಶಪ್ಪ ಇಂದಿಗೂ ಮರೆತಿಲ್ಲ. "ಈ ತಮ್ಮ ಪಾನಾಲೆ ಬಿಗಿಯಾಂಗಿಲ್ಲ, ಸಿಟ್ಟಿಲೆ ಬಿಗೀತಾನ," ಅಂದಿದ್ದಳು.

ಇಂಡಿ ಕಡೆಯಿಂದ ಗೌಂಡಿ ಕೆಲಸಕ್ಕೆಂದು ಫೋಂಡಾಕ್ಕೆ ಬಂದ ಕೇಶಪ್ಪ, ಮೇಸ್ತ್ರಿಯ ಜೊತೆ ಜಗಳ ತೆಗೆದು ಗ್ಯಾರೇಜು ಹಾಕಿದವನು. ಪಕ್ಕದಲ್ಲೇ ಗಂಗೀಬಾಯಿಯ ರೊಟ್ಟಿ ಅಂಗಡಿ. ಹಳದಿ ಮಡ್‌ಗಾರ್ಡಿನ ಬೈಕಿನ ಮೇಲೆ ಬಾಡಿಗೆಗೆ ಜನರನ್ನು ಒಯ್ಯುವ ಪೈಲಟ್‌ಗಳೇ ಇಬ್ಬರಿಗೂ ಗಿರಾಕಿಗಳು. ಮಳೆ ಹಿಡಿಯುವ ಮುಂಚೆ ಅವರು ಬುಲೆಟ್ಟಿನ ಚೈನ್‌ಕೇಸಿನ ಆಯಿಲ್ ಬದಲಿಸಿಕೊಳ್ಳುವುದು ರೂಢಿ. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನು ಆ ಡಬ್ಬಿಯೊಳಗೆ ಎಣ್ಣೆಯಲ್ಲಿ ಮುಳುಗಿ ತಿರುಗುತ್ತದೆ. ಮುಚ್ಚಳಕ್ಕೆ ನಡುವೆ ಒಂದೇ ನಟ್ಟು.

ಎಂಬತ್ತೆಂಟರ ಮೇ ತಿಂಗಳಲ್ಲಿ ಪೈಲಟ್ ಮೈಬೂಬಸಾಬನ ಗಾಡಿ, ಕೇಶಪ್ಪ ಆಯಿಲ್ ಬದಲಿಸಿದ ಮರುದಿನವೇ ಸೋರತೊಡಗಿತು. ಅವನು ಗಿರಾಕಿಗೆ ಕಾಯುತ್ತಿದ್ದದ್ದು ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಬಳಿ. ಫರಸಿಯ ಮೇಲೆ ಕಪ್ಪು ಕಲೆ ಕಂಡ ಮಾಲೀಕ, ಇನ್ನೊಂದು ಹನಿ ಬಿದ್ದರೆ ಗಾಡಿ ಇಲ್ಲಿ ನಿಲ್ಲಿಸಬೇಡ ಅಂದುಬಿಟ್ಟ. ಆ ಜಾಗ ಹೋದರೆ ಹೊಟ್ಟೆಪಾಡೇ ಹೋದಂತೆ.

ಕೇಶಪ್ಪ ನಟ್ಟು ತಿರುಗಿಸುವ ಪಾನಾ ಹಿಡಿದು ಬಿಗಿದ. ಸೋರಿತು. ಪಾನಾದ ಹಿಡಿಕೆಗೆ ಪೈಪು ತೂರಿಸಿ, ಮೈಭಾರವೆಲ್ಲ ಹಾಕಿ ಬಿಗಿದ. ಇನ್ನೂ ಜೋರಾಗಿ ಸೋರಿತು.

"ಬ್ಯಾರೇ ಕಡೆ ತೋರಸ್ಲೇನ್ರಿ ಕೇಶಪ್ಪಣ್ಣ?" ಮೈಬೂಬಸಾಬ ಮೆಲ್ಲಗೆ ಕೇಳಿದ.

"ತೋರ್ಸು ಹೋಗು. ನಾಳೆ ಮಳ್ಯಾಗ ದೂಕ್ಕೊಂತ ಬಂದ್ರ ಮುಟ್ಟಂಗಿಲ್ಲ ನಾ."

ಗಂಗೀಬಾಯಿ ಆ ಮಾತು ಆಡಿದ್ದು ಆಗಲೇ. ಪೈಲಟ್‌ಗಳು ನಕ್ಕರು. ಕೇಶಪ್ಪ ಪಾನಾ ಒಗೆದ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ನನ್ನ ಹಿಟ್ಟಿನ ಡಬ್ಬಿ ಮುಚ್ಚಳಾನೂ ನೀನ ಗುದ್ದಿ ಕುಂದರ್ಸಿದ್ದಿ. ಅವತ್ತಿನಿಂದ ಅದು ನೆಟ್ಟಗ ಕುಂತಿಲ್ಲ. ಬಿಚ್ಚಿ ನೋಡು ಮೊದ್ಲ."

ಬೈಯಲು ಬಾಯಿ ತೆರೆದವನು, ಬಿಚ್ಚಲೆಂದೇ ಗಾಡಿಯ ಪಕ್ಕ ಕೂತ. ಆದರೆ ಎಣ್ಣೆ ಹಿಡಿಯುವ ತಗಡನ್ನು ಯಾರೋ ಒಯ್ದಿದ್ದರು. ಅವನು ತಡಕಾಡುವುದನ್ನು ನೋಡಿ ಅವಳು ಹಿಟ್ಟನ್ನು ಬೋಗುಣಿಗೆ ಹಾಕಿ, ನಾದುವ ಅಗಲ ಪರಾತವನ್ನೇ ಚಾಚಿದಳು. ತವರಿನ ಹಿತ್ತಾಳೆ ಪರಾತ.

"ಹೊಲಸಾಕ್ಕೈತಿ, ಅಕ್ಕಾ."

"ಸಾಬನ ಜಾಗ ಹೋದ್ರ ನನ್ನ ರೊಟ್ಟಿ ತಿನ್ನಾವ ಯಾರು? ಹಿಡಿ."

ಫುಟ್‌ರೆಸ್ಟು, ಬ್ರೇಕ್ ಪೆಡಲು ಬಿಚ್ಚಿ ಮುಚ್ಚಳ ಎಳೆದಾಗ ಎಣ್ಣೆಯೆಲ್ಲ ಪರಾತಕ್ಕೆ ಸುರಿಯಿತು. ಅಂಚಿನ ರಬ್ಬರು ಚಪ್ಪಟೆಯಾಗಿತ್ತು. ಬಿಗಿದು ಬಿಗಿದು ಮುಚ್ಚಳ ನಡುವೆ ಕುಸಿದು ಅಂಚು ಎದ್ದಿತ್ತು. ಮರದ ಕೊಡತಿಯಿಂದ ತಟ್ಟಿ ತಟ್ಟಿ ನೆಟ್ಟಗೆ ಮಾಡಿದ. ಹೊಸ ರಬ್ಬರು ಕೂರಿಸಿ, ಸಣ್ಣ ಪಾನಾದಿಂದ, ಸಾಕು ಎಂದು ಕೈಗೆ ಅನ್ನಿಸುವಷ್ಟೇ ತಿರುಗಿಸಿದ. ಎಣ್ಣೆಯ ಮಟ್ಟ ತೋರಿಸುವ ಲೆವೆಲ್ ತೂತಿನಿಂದ ಹೊರಗೆ ಬರುವತನಕ ಹೊಸ ಆಯಿಲ್ ಹಾಕಿ ಸ್ಕ್ರೂ ಮುಚ್ಚಿದ. ಗಾಡಿಯಡಿ ಹಾಸಿದ ಪೇಪರಿನ ಮೇಲೆ ಸಂಜೆಯಾದರೂ ಒಂದು ಹನಿ ಬಿದ್ದಿರಲಿಲ್ಲ. ಮರುದಿನ ಮೈಬೂಬಸಾಬ ಅದೇ ಮೆಟ್ಟಿಲ ಬಳಿ ನಿಂತ.

ಪರಾತಕ್ಕೆ ಕೇಶಪ್ಪ ಬೂದಿ ಹಾಕಿ ತಿಕ್ಕಿದ, ಹುಣಸೆಹಣ್ಣು ಹಾಕಿ ತಿಕ್ಕಿದ. ವಾಸನೆ ಹೋಗಲಿಲ್ಲ. ಹೊಸದು ತರುತ್ತೇನೆ ಅಂದಾಗಲೆಲ್ಲ, "ಮೊದ್ಲ ಸಿಟ್ಟು ಬಿಡು, ಆಮ್ಯಾಲ ತಾ," ಅನ್ನುತ್ತಿದ್ದಳು. ಅದಕ್ಕೂ ಅವನಿಗೆ ಸಿಟ್ಟು.

ಮಗನಿಗೆ ಗಣಿಯ ಟ್ರಕ್ಕಿನ ಕೆಲಸ ಸಿಕ್ಕಿ ಗಂಗೀಬಾಯಿ ಡಿಚೋಲಿಗೆ ಹೊರಟ ದಿನ, ಕೇಶಪ್ಪ ಯಾವನೋ ಗಿರಾಕಿಯ ಜೊತೆ ಜಗಳದಲ್ಲಿದ್ದ. ಮುಗಿಸಿ ತಿರುಗಿ ನೋಡಿದರೆ ಅಂಗಡಿ ಖಾಲಿ; ಪರಾತ ಮಾತ್ರ ಗ್ಯಾರೇಜಿನಲ್ಲೇ ಉಳಿದಿತ್ತು.

ಮಳೆಗೆ ಮುಂಚಿನ ಆಯಿಲ್ ಈಗಲೂ ಆ ಹಿತ್ತಾಳೆಗೇ ಬೀಳುತ್ತದೆ. ಯಾರ ಕಾಲಾದರೂ ತಗುಲಿದರೆ ಕೇಶಪ್ಪ ಹರಿಹಾಯುತ್ತಾನೆ: "ಸರಿಸಿ ಇಡ್ರಲೇ. ಅದು ನಂದಲ್ಲ, ಗಂಗೀಬಾಯಿದು."