ಬೆಟ್ಟಮ್ಮನ್ನ ಮಲಗಕ್ಕೆ ಬುಡದ ಊರು

ನಮ್ಮಕ್ಕ ಬೆಟ್ಟಮ್ಮನ್ನ ಸಿಂಧಘಟ್ಟಕ್ಕೆ ಕೊಟ್ಟಿತ್ತು. ಆಮೇಲೆ ನನ್ನೂ ಅದೇ ಊರಿಗೆ ಕೊಟ್ರು. ಕನ್ನಂಬಾಡಿಲಿ ಕಟ್ಟೆ ಕಟ್ತಿದ್ದ ಕಾಲ. ಅಲ್ಲಿ ಜನ ಕಾವೇರಿನೇ ತಡೆದು ನಿಲ್ಲಿಸ್ತಿದ್ರೆ, ನಮ್ಮೂರಿನ ಗಂಡಸ್ರು ಒಂದು ಹೆಂಗಸಿನ ನಿದ್ದೆ ತಡೆಯೋಕೆ ನಿಂತ್ರು.

ಆಗಿದ್ದಿಷ್ಟೆ. ಕೆರೇಲಿ ಬಟ್ಟೆ ಒಗೀತಿದ್ದಾಗ ಅಕ್ಕನ ಕಾಲಿಗೆ ನೀರಾವು ಕಚ್ತು. ನೀರಾವಿಗೆ ವಿಷ ಇಲ್ಲ ಅಂತ ಊರಿನ ಕೂಸಿಗೂ ಗೊತ್ತು. ಆದ್ರೂ ನಮ್ಮ ಭಾವ ಮುದ್ದಯ್ಯ ಓಡೋಗಿ ಚಿಕ್ಕಬೀರಯ್ಯನ್ನ ಕರ್ಕೊಂಡ್ಬಂದ್ರು. ಹಾವು ಕಚ್ಚಿದೋರ್ನ ಮಲಗಕ್ಕೆ ಬುಡದೆ ಕಾಯೋದೇ ಆ ಮಹಾನುಭಾವನ ಕಸುಬು. ನಿದ್ದೆ ಬಂದ್ರೆ ವಿಷ ತಲೆಗೇರ್ತದಂತೆ!

"ಅಣ್ಣೋ, ನೀರಾವು ಕಣಣ್ಣ, ನಾನೇ ಕಂಡೆ," ಅಂದ್ಲು ಅಕ್ಕ.

"ಕಚ್ಚಿಸ್ಕೊಂಡೋರ ಕಣ್ಣು ನಂಬಬಾರದು ಕಣವ್ವ. ಮೂರು ದಿನ ರೆಪ್ಪೆ ಮುಚ್ಚಂಗಿಲ್ಲ," ಅಂದ ಅವನು.

ಶುರುವಾಯ್ತು ನೋಡಿ. ಬೇವಿನ ಸೊಪ್ಪಲ್ಲಿ ಬಡಿಯೋದು, ಮೊಖಕ್ಕೆ ತಣ್ಣೀರು ಎರಚೋದು, ಕಿವಿ ಪಕ್ಕ ತಮಟೆ ಹೊಡೆಯೋದು. ಊರೋರು ಸರದಿ ಮೇಲೆ ಕಾದ್ರು. ಚಿಕ್ಕಬೀರಯ್ಯ ಮಾತ್ರ ಮುದ್ದೆ ಉಂಡು ಅಕ್ಕನ ಮನೆ ಜಗಲಿ ಮೇಲೆ ಗೊರಕೆ ಹೊಡೀತಿದ್ದ. ಎಷ್ಟಾದ್ರೂ ಅವನಿಗೇನು ಹಾವು ಕಚ್ಚಿರಲಿಲ್ವಲ್ಲ!

ಮೊದಲ ದಿನ ಅಕ್ಕ ಬೈದ್ಲು, ಅತ್ಲು. ಎರಡನೇ ದಿನ ಬೈಯೋದೂ ನಿಂತೋಯ್ತು. ಕಣ್ಣು ತೆರೆದೇ ಇರೋದು, ಒಳಗೆ ಆಳು ಇರ್ತಿರ್ಲಿಲ್ಲ. ಚೊಂಬು ಕೊಟ್ರೆ ಹಿಡ್ಕೊಳ್ಳೋಳು, ಗಳಿಗೆ ಬುಟ್ಟು ಕೈ ಸಡಿಲಾಗಿ ಚೊಂಬು ಕೆಳಕ್ಕೆ. ಆ ಸದ್ದಿಗೆ ಬೆಚ್ಚಿ ಬೀಳೋಳು. ಕಣ್ಣು ಬುಟ್ಕೊಂಡೇ ನಿದ್ದೆ ಹೋಗ್ತಾವ್ಳೆ ಅಂತ ನಂಗೆ ಗೊತ್ತಾಯ್ತು. ಇಂಗೇ ಆದ್ರೆ ನಮ್ಮಕ್ಕನಿಗೆ ಹುಚ್ಚೇ ಹಿಡೀತದೆ ಅಂತ ತಮಟೆಗೆ ಅಡ್ಡ ನಿಂತೆ. "ಬುಡ್ರಪ್ಪೋ, ಸತ್ತೋಗ್ತಾಳೆ" ಅಂದ್ರೆ, "ಮಲಗಿದ್ರೇ ಸಾಯೋದು" ಅಂದ್ರು ದೊಡ್ಡ ಮನುಸ್ರು.

ಮಧ್ಯಾಹ್ನ ಅಕ್ಕ ಗೋಡೆ ಕಡೆ ಕೈ ತೋರ್ಸಿ, "ಅವ್ವ ಬಂದವ್ಳೆ, ಹೊಸ ಸೀರೆ ಉಟ್ಟವ್ಳೆ" ಅಂದ್ಲು. ನಮ್ಮವ್ವ ಸತ್ತು ಆರು ವರ್ಷ. ಕನಸು ನಿದ್ದೆಗೆ ಕಾದು ಕಾದು ಸಾಕಾಗಿ ಎಚ್ಚರದೊಳಕ್ಕೇ ನುಗ್ಗಿತ್ತು, ಅಷ್ಟೆ. ಊರಿನ ಬುದ್ಧಿವಂತ್ರಿಗೆ ಅದು ಹೊಳೀಬೇಕಲ್ಲ! "ಮಾರವ್ವ ಮೈಮೇಲೆ ಬಂದವ್ಳೆ!" ಅಂತ ತಮಟೆ ಕೆಳಗಿಟ್ಟು ಅಡ್ಡಬಿದ್ರು.

ತಮಟೆ ನಿಂತಿದ್ದೇ ತಡ, ಅಕ್ಕ ಅಡ್ಡಬಿದ್ದೋರ್ನೆಲ್ಲ ಒಂದ್ಸಲ ನೋಡಿದ್ಲು. ದನಿ ದಪ್ಪ ಮಾಡ್ಕೊಂಡ್ಲು. "ನನ್ನ ಮಗಳು ಈಗಲೇ ಮಲಗಬೇಕು. ಅವಳ ಬದಲು ಚಿಕ್ಕಬೀರ ಮೂರು ದಿನ ಎದ್ದಿರಲಿ. ತೂಕಡಿಸಿದ್ರೆ ಬಡೀರಿ ಕಣ್ರಲಾ!"

ತಾಯಿ ಮಾತು ಮೀರೋಕಾಯ್ತದಾ? ಅಕ್ಕ ಅಲ್ಲೇ ಬಿದ್ಕೊಂಡ್ಲು. ನಾನು ಪಕ್ಕದಲ್ಲಿ ಕೂತೆ. ಮೊದಲು ಕಲ್ಲು ಬಿದ್ದಂಗೆ ಬಿದ್ದಿದ್ಲು, ಮೂಗಿನ ಮೇಲೆ ನೊಣ ಕೂತ್ರೂ ಅಲುಗಾಡ್ಲಿಲ್ಲ. ಆಮೇಲೆ ಮುಚ್ಚಿದ ರೆಪ್ಪೆ ಕೆಳಗೆ ಕಣ್ಣುಗುಡ್ಡೆ ಅತ್ಲಾಗಿತ್ಲಾಗೆ ಓಡಾಡ್ತು, ತುಟಿ ನಕ್ತು. ಮತ್ತೆ ಕಲ್ಲು, ಮತ್ತೆ ಓಡಾಟ. ಮಾರನೇ ದಿನ ಬೈಗಿಗೆ ಎದ್ದು, "ಮುದ್ದೆ ಐತೇನೆ?" ಅಂದ್ಲು. ನಾನು ಗೊಳೋ ಅಂತ ಅತ್ತುಬುಟ್ಟೆ.

ಹೊರಗೆ ಚಿಕ್ಕಬೀರಯ್ಯನ ಮೈತುಂಬ ಬೇವಿನ ಬರೆ. ಗಳಿಗೆಗೊಂದ್ಸಲ ತೂಕಡಿಸೋನು, ಏಟು ತಿನ್ನೋನು. ಕೊನೆಗೆ ಊರೋರು "ಬೀರಣ್ಣನೇ ಬದುಕಿಸ್ದ" ಅಂತ ಅವನಿಗೇ ಒಂದು ಹುಂಜ ಕೊಟ್ರು. ಇವರಿಗೆ ಬುದ್ಧಿ ಬರೋದು ಅಷ್ಟ್ರಲ್ಲೇ ಐತೆ!

ಅವತ್ತು ಮಾರವ್ವ ಬಂದೇ ಇರ್ಲಿಲ್ಲ ಅನ್ನೋ ನಿಜಾನ ಅಕ್ಕ ನಂಗೊಬ್ಬಳಿಗೇ ಹೇಳಿದ್ಲು. ಅಲ್ಲಿಂದಾಚೆಗೆ ಪ್ರತಿ ಶುಕ್ರವಾರ ಅವಳ ಮೈಮೇಲೆ ಮಾರವ್ವ ಬರೋಳು. ಸೊಸೆಗೆ ತಲೆ ಸುತ್ತುತ್ತೆ, ಮೈ ಇಳೀತೈತೆ ಅಂತ ಅತ್ತೆದೀರು ಕರ್ಕೊಂಡ್ಬರೋರು. ಯಾವ ಕಾಯಿಲೆಗೂ ತಾಯಿ ಹೇಳ್ತಿದ್ದುದು ಒಂದೇ ಮದ್ದು.

ನಮ್ಮತ್ತೆ ತಿಮ್ಮಮ್ಮ ಸಾಮಾನ್ಯದೋಳಲ್ಲ. ಒಂಬತ್ತು ವರ್ಷ ಮೊದಲ ಕೋಳಿಗೇ ನನ್ನ ಎಬ್ಬಿಸಿ ರಾಗಿ ಬೀಸೋಕೆ ಕೂರ್ಸಿದ್ಲು. ನಂಗೆ ಜ್ವರ ಬುಡದೆ ಇದ್ದಾಗ ಅವಳೂ ಅಲ್ಲಿಗೇ ಕರ್ಕೊಂಡೋದ್ಲು. ಅಕ್ಕ ನನ್ನ ಮೊಖಾನೇ ನೋಡ್ಲಿಲ್ಲ. "ಹೊತ್ತು ಮಾರುದ್ದ ಏರೋಗಂಟ ಇವಳ್ನ ಎಬ್ಬಿಸಿದ್ಯೋ, ಜೋಕೆ!" ಅಂತ ಅತ್ತೆ ಮೇಲೆ ಗುಡುಗಿದ್ಲು.

ಮಾರನೇ ದಿನ ಎಚ್ಚರ ಆದಾಗ ಬಿಸಿಲು ಕಾಲ ಮೇಲಿತ್ತು. ನಡುಮನೇಲಿ ಬೀಸೋಕಲ್ಲಿನ ಸದ್ದು. ಬೀಸ್ತಿದ್ದೋಳು ನಮ್ಮತ್ತೆ, ಬೈಕೊಂಡು ಬೈಕೊಂಡು. ನಾನು ಇನ್ನೊಂದು ಮಗ್ಗಲಿಗೆ ಹೊರಳ್ಕೊಂಡೆ.