ಕೋಳಿ ಚೀಲದಲ್ಲಿ ಬಂದ ಲ್ಯಾಬ್ರಡಾರ್

ನಮ್ಮ ಮಾವನವರು ಬದುಕಿರುವ ತನಕ ಮನೆಗೆ ಫಾರಂ ಕೋಳಿ ಬಂದದ್ದಿಲ್ಲ. ನಮ್ಮ ಕುಂದಲಹಳ್ಳಿಯಲ್ಲಿ ಹೆಜ್ಜೆಗೊಂದು ಕೋಳಿ ಅಂಗಡಿ ಇದೆ. ಆದರೆ ಅಲ್ಲಿ ಮಾರುವುದು ಕೋಳಿಯೇ ಅಲ್ಲ, ನೀರು ಕುಡಿದ ಹತ್ತಿ ಎಂದು ಅವರ ವಾದ. ಯುಗಾದಿಯ ಮಾರನೆಯ ದಿನದ ಬಾಡೂಟ, ವರ್ಷತೊಡಕು ಬಂತೆಂದರೆ ಚೀಲವೊಂದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಬಸ್ಸಿನ ಮೇಲೆ ಬಸ್ಸು ಹತ್ತಿ ಆನೇಕಲ್ ಸಂತೆಗೆ ಹೋಗುವರು. ಪುಕ್ಕ ಊದಿ, ಕಾಲು ಹಿಡಿದು ತೂಗಿ, ಮಾರುವವನ ಜೊತೆ ಜಗಳವಾಡಿ ನಾಟಿ ಹುಂಜ ತರುವರು. ಸಂತೆಯಲ್ಲಿ ಅವರಿಗೆ ಟೋಪಿ ಹಾಕಿದವನು ಇನ್ನೂ ಹುಟ್ಟಿಲ್ಲ ಅಂತ ನಮ್ಮತ್ತೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಅವರ ಕೊನೆಯ ವರ್ಷತೊಡಕಿನಂದು ನಾನು ಮಸಾಲೆ ರುಬ್ಬಿಟ್ಟುಕೊಂಡು ಕಾಯುತ್ತಿದ್ದೆ. ಮಾವನವರು ಬಂದರು, ಚೀಲ ಬಿಚ್ಚಿದರು. ಒಳಗಿಂದ ಏನೋ ಕುಂಯ್ ಅಂದಿತು. ನೋಡಿದರೆ ಅಂಗೈಯಗಲದ ಕಂದು ನಾಯಿಮರಿ.

“ಲ್ಯಾಬ್ರಡಾರ್ ಕಣಮ್ಮ, ಜಾತಿ ನಾಯಿ. ಬಿಟ್ಟು ಬರಾಕೆ ಮನಸ್ಸಾಗ್ಲಿಲ್ಲ” ಎಂದರು. ಹುಂಜದ ದುಡ್ಡು, ಅದರ ಮೇಲಿನ ದುಡ್ಡು, ಎಲ್ಲವೂ ಮರಿಗೇ ಹೋಗಿತ್ತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ರುಬ್ಬಿದ ಮಸಾಲೆಯನ್ನು ನಾಯಿಗೇ ಹಚ್ಚಲೇ ಎಂದು ಕೇಳಿದೆ. ಅವರು ನಕ್ಕರು. ಆ ವರ್ಷ ನಾವು ಮೊಟ್ಟೆ ಸಾರು ಉಂಡೆವು.

ದೀಪಾವಳಿಯ ಹೊತ್ತಿಗೆ ಮಾವನವರೇ ಇರಲಿಲ್ಲ. ಎದೆನೋವು ಅಂದವರು ಆಸ್ಪತ್ರೆಯ ಬಾಗಿಲು ದಾಟಲಿಲ್ಲ. ಅತ್ತೆಗೆ ಉಳಿದದ್ದು ಅವರು ತಂದ ನಾಯಿ. ಅದಕ್ಕೆ ‘ಲ್ಯಾಬ್ರು’ ಎಂದೇ ಹೆಸರಾಯಿತು. ಲ್ಯಾಬ್ರು ಬೆಳೆಯಿತು, ಆದರೆ ಲ್ಯಾಬ್ರಡಾರ್ ಆಗಲಿಲ್ಲ. ಕಿವಿ ನೆಟ್ಟಗೆ ನಿಂತವು, ಬಾಲ ಸುರುಳಿ ಸುತ್ತಿತು, ಎಷ್ಟು ತಿಂದರೂ ಸೊಂಟ ಹಿಡಿಯಷ್ಟೇ. ಎದುರು ಮನೆಯಾಕೆ ತನ್ನ ಪಗ್ ನಾಯಿಯನ್ನು ಕಂಕುಳಲ್ಲಿಟ್ಟುಕೊಂಡು, “ಆಂಟಿ, ಇದು ಲ್ಯಾಬ್ ಥರ ಕಾಣ್ಸಲ್ವಲ್ಲ” ಎಂದು ಆಗಾಗ ಚುಚ್ಚುವಳು.

“ಬಿಸ್ಲಿಗೆ ಒಣಗೈತೆ” ಎನ್ನುವರು ಅತ್ತೆ.

ಬೀದಿಯವರು ಬೆನ್ನ ಹಿಂದೆ ಕಂತ್ರಿ ನಾಯಿ ಎನ್ನುತ್ತಿದ್ದುದು ನನಗೆ ಗೊತ್ತಿತ್ತು. ಅತ್ತೆಯ ಕಿವಿಗೆ ಬಿದ್ದರೆ ಅಂದು ಅವರು ಸರಿಯಾಗಿ ಉಣ್ಣುತ್ತಿರಲಿಲ್ಲ. ನಾಯಿಯನ್ನು ಕಂತ್ರಿ ಅಂದರೆ, ಸಾಯುವ ವರ್ಷದಲ್ಲಿ ಮಾವನವರು ಸಂತೆಯಲ್ಲಿ ಬೆಪ್ಪರಾದರು ಎಂದಂತೆ. ಅದೊಂದನ್ನು ಅವರು ಒಪ್ಪಲಾರರು. ನನಗೂ ಅದು ಬೇಡವಾಗಿತ್ತು.

ಹೀಗಿರುವಾಗ ಲ್ಯಾಬ್ರು ಮಾವಿನಹಣ್ಣಿನ ವಾಟೆ ನುಂಗಿತು. ಹೊಟ್ಟೆ ಕೊಯ್ದು ತೆಗೆಸಬೇಕಾಯಿತು. ಬಿಲ್ಲು ನೋಡಿ ನನಗೂ ಹೊಟ್ಟೆ ಕೊಯ್ದಂತಾಯಿತು. ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ವಿಜಯಪುರದ ಕಡೆಯ ಹುಡುಗಿ ಇನ್ಸೂರೆನ್ಸ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ನಾಯಿಗೂ ಇನ್ಸೂರೆನ್ಸ್ ಇದೆ ಎಂದು ಹೇಳಿದವಳು ಅವಳೇ. ಒಂದು ಭಾನುವಾರ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಮ್ಮ ಹಜಾರದಲ್ಲಿ ಕೂತಳು.

“ಅಜ್ಜಿ, ಜಾತಿ ಯಾವ್ದ್ರೀ?” ಎಂದು ಶುರು ಮಾಡಿದಳು.

ಅತ್ತೆಯ ಮುಖ ಕೆಂಪಾಯಿತು. “ಮನೆ ಕೇಳ್ಕೊಂಡು ಬಂದಾಗ ನಾವು ನಿನ್ನ ಜಾತಿ ಕೇಳಿದ್ವಾ? ಈಗ ನೀನು ನಮ್ದು ಕೇಳ್ತೀಯಾ?”

“ನಿಮ್ದಲ್ರೀ, ನಾಯಿದು” ಎಂದು ಹುಡುಗಿ ಗಾಬರಿಯಾದಳು. ತಳಿ ಎಂದು ಕೇಳಿದ್ದರೆ ಈ ರಂಪವೇ ಇರುತ್ತಿರಲಿಲ್ಲ. ಅತ್ತೆ ಅಂದು ಜಾತಿ ಕೇಳಿರಲಿಲ್ಲ, ನಿಜ. ಆದರೆ ಮಾಂಸ ತಿಂತೀಯಾ ಎಂದು ಕೇಳಿದ್ದರು, ತಿಂತೀನಿ ಅಂದ ಮೇಲೇ ಕೀ ಕೊಟ್ಟಿದ್ದರು.

“ನಾಯಿದಾ? ಲ್ಯಾಬ್ರಡಾರು, ಬರ್ಕೊ” ಎಂದರು ಅತ್ತೆ, ಸಮಾಧಾನವಾಗಿ.

ಹುಡುಗಿ ಲ್ಯಾಬ್ರುವನ್ನು ನೋಡಿದಳು. ಅದು ಬಾಲದ ಸುರುಳಿ ಅಲ್ಲಾಡಿಸಿತು. ಅವಳು ನನ್ನ ಮುಖ ನೋಡಿದಳು, ನಾನು ಸೂರು ನೋಡಿದೆ.

“ಹಂಗ ಬರದ್ರ ರೊಕ್ಕ ಜಾಸ್ತಿ ಬೀಳ್ತೈತ್ರೀ ಅಜ್ಜಿ. ಲ್ಯಾಬಿಗೆ ಸೊಂಟದ ತ್ರಾಸ ಭಾಳ. ಎದುರು ಮನಿ ಪಗ್ ಐತಲ್ರೀ, ಅದಕ್ಕ ಉಸಿರಿನ ತ್ರಾಸ. ಜಡ್ಡು ಜಾಸ್ತಿ ಬರೂ ಜಾತಿಗೆ ಕಂಪನ್ಯಾಗ ರೇಟೂ ಜಾಸ್ತಿ. ನಮ್ಮ ದೇಶಿ ನಾಯಿಗೆ ಕಡಿಮಿ ಐತ್ರೀ, ಹೆಚ್ಚು ಕಡಿಮಿ ಅರ್ಧ.”

“ಜಾಸ್ತಿ ಆದ್ರೆ ಆಗ್ಲಿ. ನನ್ನ ದುಡ್ಡಾಗೆ ಕಟ್ತೀನಿ.”

“ಅತ್ತೆ, ನಾಳೆ ಇನ್ನೊಂದು ವಾಟೆ ನುಂಗಿದ್ರೆ ಕಂಪನಿಯೋರು ಫೋಟೋ ನೋಡ್ತಾರೆ. ಇದು ಲ್ಯಾಬ್ ಅಲ್ಲ, ಸುಳ್ಳು ಅಂತ ಒಂದು ಪೈಸೆ ಕೊಡಲ್ಲ” ಎಂದು ನಾನು ರೇಗಿದೆ.

“ಸುಳ್ಳು ಅಂತ ಯಾರು ಏಳ್ದೋರು? ನಿಮ್ಮಾವ ಸುಳ್ಳು ಏಳಿದ್ರಾ?”

ಹೇಗೂ ಡಾಕ್ಟರ ಸರ್ಟಿಫಿಕೇಟ್ ಬೇಕೇ ಬೇಕು, ಅವರು ಏನು ಬರೆಯುತ್ತಾರೋ ಅದೇ ಎಂದು ಹುಡುಗಿ ರಾಜಿ ಮಾಡಿಸಿದಳು. ಮುಂದಿನ ಶನಿವಾರ ಆಟೋದಲ್ಲಿ ನಾವು ಮೂವರು ಹೆಂಗಸರು, ನಮ್ಮ ತೊಡೆಗಳ ಮೇಲೆ ಉದ್ದಕ್ಕೆ ಮಲಗಿದ ಲ್ಯಾಬ್ರು, ನಾಯಿ ಆಸ್ಪತ್ರೆಗೆ ಹೋದೆವು. ಅತ್ತೆ ರೇಷ್ಮೆ ಅಂಚಿನ ಸೀರೆ ಉಟ್ಟಿದ್ದರು.

ಡಾಕ್ಟರಮ್ಮ ಹಲ್ಲು ನೋಡಿದರು, ಹೊಟ್ಟೆಯ ಹೊಲಿಗೆ ನೋಡಿದರು. “ಚೆನ್ನಾಗಿದೆ. ಇಂಡಿ ಅಲ್ವಾ?” ಎಂದರು.

“ಇಂಡಿ ನಮ್ಮ ಕಡೀ ಊರ್ರೀ ಮೇಡಂ” ಎಂದಳು ಹುಡುಗಿ. “ಇದನ್ನ ಆನೇಕಲ್ಲಿಂದ ತಂದಾರ.”

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. “ಊರಲ್ಲಮ್ಮ. ಇಂಡಿಯನ್ ನಾಯಿ ಅಂತ. ನಮ್ಮ ಬೀದೀಲಿ ಇರ್ತವಲ್ಲ, ಅವು.”

ಅತ್ತೆ ನಗಲಿಲ್ಲ. ಸೆರಗನ್ನು ಬೆರಳಿಗೆ ಸುತ್ತತೊಡಗಿದರು. ಆಮೇಲೆ ಮೆಲ್ಲಗೆ, “ಅಂಗಾರೆ ನಮ್ಮೆಜಮಾನ್ರಿಗೆ ಟೋಪಿ ಆಕಿದ್ನಾ ಅವ್ನು?” ಎಂದರು.

ಹಾಳಾಗಿ ಹೋಗಲಿ ದುಡ್ಡು, ಲ್ಯಾಬ್ ಎಂದೇ ಬರೆದುಬಿಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟರಮ್ಮನೇ ಮಾತು ಮುಂದುವರಿಸಿದರು.

“ಇವು ಗಟ್ಟಿ ಅಜ್ಜಿ. ಇಲ್ಲಿನ ಬಿಸಿಲು ಮಳೆ ಎಲ್ಲ ತಡ್ಕೊಳ್ತವೆ. ಲ್ಯಾಬ್‌ಗಳು ತಿಂದು ತಿಂದು ಊದ್ಕೊಳ್ತವೆ, ಆಮೇಲೆ ಕಾಲು ಎತ್ತಿಡಕ್ಕೆ ಆಗಲ್ಲ. ಅದಕ್ಕೇ ಇನ್ಸೂರೆನ್ಸ್‌ನೋರು ಇವಕ್ಕೆ ಕಮ್ಮಿ ತಗೊಳೋದು.”

ಸೆರಗು ಸುತ್ತುತ್ತಿದ್ದ ಅತ್ತೆಯ ಬೆರಳು ನಿಂತಿತು. “ಊದ್ಕೊಂಡು, ಕಾಲ್ಮೇಲೆ ನಿಲ್ಲಾಕಾಗ್ದೆ... ಫಾರಂ ಕೋಳಿ ಇದ್ದಂಗಾ?”

ಡಾಕ್ಟರಮ್ಮ ಲ್ಯಾಬ್ರುವಿನ ಬೆನ್ನು ತಟ್ಟಿದರು. “ಹಾಗೇ ಅನ್ಕೊಳ್ಳಿ.”

“ಅಂಗಾರೆ ನಮ್ದು ನಾಟಿ.”

“ಹೂಂ, ನಾಟಿ.”

ಅತ್ತೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ಆದರೆ ದನಿ ಹಳೆಯ ದನಿಯೇ. “ನೀನೇ ಏಳು. ನಿಮ್ಮಾವನ ಆ ಚೀಲದಾಗೆ ಯಾವತ್ತಾದ್ರೂ ನಮ್ಮನೇಗೆ ಫಾರಂದು ಬಂದಿತ್ತಾ?”

“ಇಲ್ಲ ಅತ್ತೆ” ಎಂದೆ.

“ಬರ್ಕೊಳ್ಳವ್ವ” ಎಂದರು ಅತ್ತೆ ಡಾಕ್ಟರಮ್ಮನಿಗೆ. “ನಾಟಿ ಅಂತ್ಲೇ ಬರಿ.”

ಅವರು ದೇಶಿ ತಳಿ ಎಂದು ಬರೆದು, ಅತ್ತೆಗಾಗಿ ಪಕ್ಕದಲ್ಲಿ ನಾಟಿ ಎಂದೂ ಸೇರಿಸಿದರು. ಆಟೋದಿಂದ ಇಳಿದ ಕೂಡಲೇ ಅತ್ತೆ ಮನೆಯೊಳಗೆ ಬರಲಿಲ್ಲ, ಎದುರು ಮನೆಯ ಗೇಟಿಗೆ ಹೋದರು. ಪಗ್‌ಗೆ ಎಷ್ಟು ಕಟ್ಟುತ್ತೀ ಎಂದು ಮೊದಲು ವಿಚಾರಿಸಿಕೊಂಡರು. ಆಮೇಲೆ ಆನೇಕಲ್ ಸಂತೆಯ ಕಥೆಯನ್ನು ಹೊಸದಾಗಿ ಹೇಳಿದರು. ಈಗ ಬೀದಿಯಲ್ಲಿ ನಡೆಯುತ್ತಿರುವುದು ಅದೇ ಕಥೆ.

“ಮಾರ್ದೋನು ಪೆದ್ದ ಕಣಮ್ಮಿ. ನಾಟೀನ ಲ್ಯಾಬು ಅಂದ್ಕೊಂಡು ಫಾರಂ ರೇಟ್ಗೆ ಕೊಟ್ಬುಟ್ಟ. ನಮ್ಮೆಜಮಾನ್ರು ಬಾಯಿ ಬಿಡ್ದೆ ಚೀಲಕ್ಕಾಕ್ಕೊಂಡು ಬಂದ್ಬುಟ್ರು.”