ತಂಗಿಯ ಮಗಳಿಗಾಗಿ ಹಾಕಿಸಿದ ಹಿಂದಿನ ಸೀಟು

2022ನೆಯ ಇಸವಿ, ನನಗಾಗ ನಲವತ್ತೆಂಟು ವರ್ಷ. ಅಧ್ಯಾಪಕ ವೃತ್ತಿಯನ್ನು ಬಿಟ್ಟು ಬಲ್ಮಠದಲ್ಲಿ ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದೆ. ಸರಕು ತರಲೆಂದು ಮೊಟ್ಟೆ ವ್ಯಾಪಾರಿಯೊಬ್ಬರಿಂದ ಹಳೆಯ ವ್ಯಾನೊಂದನ್ನು ಕೊಂಡಿದ್ದೆ. ಮೊಟ್ಟೆಯ ಟ್ರೇಗಳಿಗೆ ಜಾಗ ಮಾಡಲು ಅವರು ಹಿಂದಿನ ಸೀಟನ್ನು ಎಂದೋ ಕಿತ್ತುಹಾಕಿ, ನೆಲಕ್ಕೆ ತಗಡು ಹೊದಿಸಿದ್ದರು.

ಆ ಜುಲೈಯಲ್ಲಿ ನನ್ನ ತಂಗಿ ಎಂಟು ವರ್ಷದ ಮಗಳೊಡನೆ ಕುವೈತಿನಿಂದ ಒಂದು ತಿಂಗಳ ರಜೆಗೆ ಬರುವುದಿತ್ತು. ನನಗೆ ಮಕ್ಕಳಿಲ್ಲ. ಆ ಮಗುವನ್ನು ಎದುರಿಗೆ ಕಂಡದ್ದು ಅದಕ್ಕೆ ಎರಡು ವರ್ಷವಿದ್ದಾಗ ಮಾತ್ರ. ವಿಮಾನ ನಿಲ್ದಾಣದಿಂದ ಶಕ್ತಿನಗರದ ಮನೆಗೆ ಅವಳನ್ನು ಸೋದರಮಾವನಾದ ನಾನೇ, ನನ್ನ ವಾಹನದಲ್ಲಿಯೇ ಕರೆತರಬೇಕೆಂಬ ಆಸೆ ನನ್ನನ್ನು ಬಿಡದೆ ಹಿಡಿದಿತ್ತು.

"ಅಣ್ಣ, ಹಿಂದೆ ಬೆಲ್ಟ್ ಉಂಟಲ್ಲ? ಇವಳು ಬೆಲ್ಟ್ ಇಲ್ಲದೆ ಕೂತದ್ದೇ ಇಲ್ಲ," ಎಂದು ತಂಗಿ ಫೋನಿನಲ್ಲಿ ಕೇಳಿದಳು.

"ಇರ್ತದೆ," ಎಂದೆ.

ನೋಂದಣಿ ಪತ್ರದಲ್ಲಿ ಐದು ಆಸನಗಳೆಂದೇ ಇದ್ದುದರಿಂದ ಸೀಟನ್ನು ಮರಳಿ ಇಡಿಸಲು ಅಡ್ಡಿಯಿರಲಿಲ್ಲ. ಪಂಪ್‌ವೆಲ್ ಬಳಿ ಸೀಟು ಹೊಲಿಯುವವರೊಬ್ಬರಿಗೆ ಕೆಲಸ ಒಪ್ಪಿಸಿದೆ. ತಂಗಿ ಬರುವ ಮುನ್ನಾದಿನ ಸಂಜೆ ಹೋಗಿ ನೋಡಿದರೆ ಕಂದು ಬಣ್ಣದ ರೆಕ್ಸಿನ್, ಎರಡೆಳೆಯ ಹೊಲಿಗೆ, ಹೊಚ್ಚಹೊಸ ಕರಿಯ ಬೆಲ್ಟುಗಳು. ಮನಸ್ಸು ತುಂಬಿತು. ಆದರೂ ಅಭ್ಯಾಸಬಲದಿಂದ ಬೆಲ್ಟನ್ನು ಎರಡು ಕೈಗಳಿಂದ ಹಿಡಿದು ಜಗ್ಗಿದೆ. ಸೀಟೇ ಮುಂದಕ್ಕೆ ಎದ್ದು ಬಂತು. ಬೆಲ್ಟುಗಳನ್ನು ಕುಶನ್ನಿನ ಕೆಳಗಿನ ಪ್ಲೈವುಡ್ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದ್ದರು.

"ಇದನ್ನು ಗಾಡಿಯ ನೆಲದ ಕಬ್ಬಿಣಕ್ಕೇ ಬಿಗಿಯಬೇಕಲ್ಲವಾ?" ಎಂದೆ.

"ಎಂತ ಮಾರಾಯ್ರೆ, ಹಿಂದೆ ಬೆಲ್ಟ್ ಹಾಕುವವರು ಯಾರುಂಟು? ಪೊಲೀಸ್ ನೋಡಿದ್ರೆ ಬೆಲ್ಟ್ ಕಾಣ್ತದೆ, ಸಾಕಲ್ಲ."

"ಬ್ರೇಕ್ ಹಾಕಿದ್ರೆ ಮಗುವಿನೊಟ್ಟಿಗೆ ಸೀಟೂ ಬರ್ತದೆ!"

"ಬರ್ಲಿ ಮಾಸ್ಟ್ರೆ. ಮಗು ಸೀಟು ಬಿಟ್ಟು ಹೋಗುದಿಲ್ಲ ಅಂತ ಆಯ್ತಲ್ಲ!"

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ತಾಯಿ-ಮಗಳಿಗಾಗಿ ಬಾಡಿಗೆ ಟ್ಯಾಕ್ಸಿಯೊಂದನ್ನು ಗೊತ್ತುಮಾಡಿದೆ. ಅವರ ರಟ್ಟಿನ ಪೆಟ್ಟಿಗೆಗಳನ್ನು ವ್ಯಾನಿನಲ್ಲಿ ತುಂಬಿಕೊಂಡು, ಟ್ಯಾಕ್ಸಿಯ ಹಿಂದೆಯೇ ಬಂದೆ. ಮಗು ಹಿಂದಕ್ಕೆ ತಿರುಗಿ ಗಾಜಿನೊಳಗಿನಿಂದ ಕೈಬೀಸಿತು. ನಾನೂ ಕೈಯೆತ್ತಿದೆ. ಕಾವೂರು ದಾಟುವಷ್ಟರಲ್ಲಿ ಆ ತಲೆ ಕಾಣಲಿಲ್ಲ, ನಿದ್ದೆ ಬಂದಿರಬೇಕು. ಅವಳು ದಾರಿಯಲ್ಲಿ ಏನು ಕೇಳಿದಳು, ಏನು ಹೇಳಿದಳು ಎಂಬುದೆಲ್ಲ ಆ ಚಾಲಕನಿಗೆ ಗೊತ್ತು, ನನಗಲ್ಲ.

ಆ ತಿಂಗಳಿನಲ್ಲಿ ಬಾಡಿ ಕೆಲಸದವರೊಬ್ಬರಿಂದ ನೆಲದ ತಗಡನ್ನು ತೆಗೆಸಿದೆ. ಬೆಲ್ಟಿನ ಬೋಲ್ಟುಗಳಿಗೆಂದು ಕಂಪೆನಿಯವರೇ ಮಾಡಿದ್ದ ರಂಧ್ರಗಳು ಅಲ್ಲಿಯೇ ಇದ್ದವು, ಸುತ್ತಲೂ ತುಕ್ಕು. ಅದನ್ನು ಕತ್ತರಿಸಿ, ದಪ್ಪ ಪ್ಲೇಟು ಬೆಸೆದು, ಆ ಮಾದರಿಯ ವ್ಯಾನಿಗೇ ಸಲ್ಲುವ ಬೆಲ್ಟುಗಳನ್ನು ತರಿಸಬೇಕಾಯಿತು. ಎಲ್ಲವೂ ಮುಗಿದಾಗ ಅವರು ಕುವೈತಿಗೆ ಮರಳಿ ಒಂಬತ್ತು ದಿನಗಳಾಗಿದ್ದವು.

ಮುಂದಿನ ಎರಡು ವರ್ಷ ತಂಗಿಗೆ ರಜೆ ಸಿಗಲಿಲ್ಲ. ನಾನು ಆ ಸೀಟಿನ ಮೇಲೆ ಪುಸ್ತಕದ ಕಟ್ಟೊಂದನ್ನೂ ಇಡಲಿಲ್ಲ; ಸರಕು ಹೆಚ್ಚಿದ್ದರೆ ಎರಡು ಸಲ ಹೋಗಿಬರುತ್ತಿದ್ದೆ. ತಿಂಗಳಿಗೊಮ್ಮೆ ಬೆಲ್ಟುಗಳನ್ನು ಪೂರ್ತಿ ಎಳೆದು, ಮತ್ತೆ ಒಳಸರಿಯುತ್ತವೆಯೇ ಎಂದು ನೋಡುತ್ತಿದ್ದೆ.

ಕೊನೆಗೂ ಅವರು ಬಂದಾಗ ಮಗಳು ತಾಯಿಯ ಹೆಗಲೆತ್ತರಕ್ಕೆ ಬೆಳೆದಿದ್ದಳು. ವ್ಯಾನನ್ನು ಕಂಡವಳೇ, "ಮಾಮ, ನಾನು ಮುಂದೆ ಕೂರ್ಲಾ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ತಂಗಿ, "ಸುಮ್ನೆ ಹಿಂದೆ ಕೂತ್ಕೊ ಮಾರಾಯ್ತಿ, ಇಲ್ಲದಿದ್ರೆ ನಿನ್ನ ಮಾಮ ಗಾಡಿಯೇ ಬಿಡುದಿಲ್ಲ," ಎಂದಳು.

ಬೆಲ್ಟಿನ ಕೊಂಡಿ ಕೂಡಿದ ಸದ್ದು ಕೇಳಿದ ಮೇಲೆ ಹೊರಟೆ. ಅವಳು ಕಿಟಕಿಯ ಹೊರಗೆ ನೋಡುತ್ತ, ಕೇಳಿದ್ದಕ್ಕಷ್ಟೇ ಉತ್ತರಿಸಿದಳು. ಎಂಟು ವರ್ಷದವಳನ್ನು ಕರೆತರುವ ಭಾಗ್ಯ ನನಗೆ ದಕ್ಕಲಿಲ್ಲ. ಹನ್ನೊಂದರವಳು ನನ್ನ ವ್ಯಾನಿನಲ್ಲಿ ಕುಳಿತು ಮನೆ ತಲುಪಿದ್ದು 2025ನೆಯ ಜುಲೈ 5, ಶನಿವಾರ.